ಓದುಗರ ಪ್ರಶ್ನೆ: ನಾವು ಕಳಿಸಿದ ಇಮೇಲನ್ನು ಸರ್ಕಾರ ಓದುತ್ತದಾ?

ಪ್ರಶ್ನೆ: ಮೇಡಂ, ಸರ್ಕಾರ ಕರಡು ನಿಯಮ ಪ್ರಕಟಿಸಿ ‘ಆಕ್ಷೇಪಣೆ, ಸಲಹೆ ಇದ್ದರೆ ಇಮೇಲ್ ಮಾಡಿ’ ಅನ್ನುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಕ್ಕಣೆಯನ್ನೇ ನಾವು ಗೆಳತಿಯರೆಲ್ಲ ಕಳಿಸುತ್ತೇವೆ. ಅದನ್ನು ಯಾರಾದರೂ ಓದುತ್ತಾರಾ, ಇಲ್ಲಾ ಸುಮ್ನೆ ಶಾಸ್ತ್ರಕ್ಕಾ?
– ಓದುಗರು, ಸಾಗರ

ಉತ್ತರ: ಓದುತ್ತಾರೆ. ಆದರೆ ಎಲ್ಲವನ್ನೂ ಒಂದೇ ಥರ ಓದುವುದಿಲ್ಲ.

ನಾನು ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದವಳು. ಆಕ್ಷೇಪಣೆ ಬಂದಾಗ ಮೊದಲು ವಿಂಗಡಿಸುತ್ತಿದ್ದೆವು. ಒಂದೇ ಒಕ್ಕಣೆಯವು ನೂರಿದ್ದರೂ ಒಂದೇ ಕಟ್ಟು, ಟಿಪ್ಪಣಿಯಲ್ಲಿ ಒಂದೇ ಸಾಲು. ಆದರೆ ಯಾರಾದರೂ ‘ಇಂಥ ಸರ್ವೆ ನಂಬರಿನಲ್ಲಿ ಕೆರೆ ಕೋಡಿ ಇದೆ, ಇಲ್ಲಿ ರಸ್ತೆ ಬಂದರೆ ಗದ್ದೆಗೆ ನೀರು ನುಗ್ಗುತ್ತದೆ’ ಎಂದು ಬರೆದಿದ್ದರೆ ಅದಕ್ಕೆ ಬೇರೆಯೇ ಉತ್ತರ ಬರೆಯಬೇಕಿತ್ತು. ಇಲ್ಲದಿದ್ದರೆ ಮೇಲಧಿಕಾರಿ ಕಡತ ವಾಪಸ್ ಕಳಿಸುತ್ತಿದ್ದರು. ಕಾಗದ ಹೋಗಿ ಇಮೇಲ್ ಬಂದರೂ ಈ ಪದ್ಧತಿ ಇದ್ದೇ ಇದೆ.

ದೊಡ್ಡ ಉದಾಹರಣೆಯೇ ಇದೆ. 2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅಂತರ್ಜಾಲ ಸೇವೆಗಳ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿತು. 118 ಪುಟ, 20 ಪ್ರಶ್ನೆ. ಅದನ್ನು ಓದಿ ಉತ್ತರಿಸುವಷ್ಟು ತಾಳ್ಮೆ ಯಾರಿಗಿದೆ? ಕೆಲವು ಸ್ವಯಂಸೇವಕರು ಸೇರಿ ಆ 20 ಪ್ರಶ್ನೆಗೂ ಉತ್ತರ ಬರೆದು ಜನರ ಕೈಗಿಟ್ಟರು. 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಅದೇ ಡಿಸೆಂಬರ್‌ನಲ್ಲಿ, ಬೇರೆ ಬೇರೆ ವೆಬ್‌ಸೈಟಿಗೆ ಬೇರೆ ಬೇರೆ ದರ ಹಾಕಬಹುದೇ ಎಂಬ ಬಗ್ಗೆ ಎರಡನೇ ಸುತ್ತಿನ ಸಮಾಲೋಚನೆ ನಡೆಯಿತು. ಕೆಲವೇ ವೆಬ್‌ಸೈಟುಗಳನ್ನು ಉಚಿತವಾಗಿ ತೋರಿಸುವ ‘ಫ್ರೀ ಬೇಸಿಕ್ಸ್’ ಎಂಬ ಯೋಜನೆ ಫೇಸ್‌ಬುಕ್‌ನದಿತ್ತು. ಆಗ ಅದು ತನ್ನ ಬಳಕೆದಾರರಿಂದ ‘ಫ್ರೀ ಬೇಸಿಕ್ಸ್‌ಗೆ ನಮ್ಮ ಬೆಂಬಲ’ ಎಂಬ ಸಿದ್ಧ ಸಂದೇಶಗಳನ್ನು ರಾಶಿ ರಾಶಿ ಕಳಿಸಿತು. ಟ್ರಾಯ್ ಹೇಳಿದ್ದು ಇಷ್ಟೇ: ನಾವು ಕೇಳಿದ್ದು ನಾಲ್ಕು ಪ್ರಶ್ನೆ, ಇವು ಯಾವುದಕ್ಕೂ ಉತ್ತರ ಕೊಟ್ಟಿಲ್ಲ. 2016ರ ಫೆಬ್ರವರಿ 8ರಂದು ಆದೇಶ ಬಂತು. ಕಂಪನಿಗಳು ಒಂದೊಂದು ವೆಬ್‌ಸೈಟಿಗೆ ಒಂದೊಂದು ದರ ಹಾಕುವ ಹಾಗಿಲ್ಲ ಎಂದಾಯಿತು.

ಗಮನಿಸಿ, ಮೊದಲ ಸುತ್ತಿನಲ್ಲಿ ಜನ ಕಳಿಸಿದ್ದೂ ಹೆಚ್ಚಾಗಿ ಸಿದ್ಧ ಒಕ್ಕಣೆಯೇ. ಆದರೆ ಅದರಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಿತ್ತು. ಹಾಗಾಗಿ ವಾಟ್ಸ್‌ಆ್ಯಪ್ ಒಕ್ಕಣೆ ಬೇಡವೇ ಬೇಡ ಅನ್ನುವುದಿಲ್ಲ. ಅದರ ಮೇಲೆ ಕರಡಿನ ಯಾವ ನಿಯಮಕ್ಕೆ ಆಕ್ಷೇಪಣೆ ಅಂತ ನಂಬರ್ ಹಾಕಿ. ಸಾಗರದಲ್ಲಿ ಅದರಿಂದ ಯಾರಿಗೆ ಏನಾಗುತ್ತದೆ ಅಂತ ನಿಮ್ಮದೇ ಎರಡು ಸಾಲು ಸೇರಿಸಿ. ಆಧಾರ್ ಸಂಖ್ಯೆ, ಮನೆ ವಿಳಾಸ ಹಾಕಬೇಡಿ. 2015ರಲ್ಲಿ ಟ್ರಾಯ್ ಆ ಇಮೇಲ್‌ಗಳನ್ನೆಲ್ಲ ಕಳಿಸಿದವರ ಹೆಸರು, ಇಮೇಲ್ ವಿಳಾಸದ ಸಮೇತ ವೆಬ್‌ಸೈಟಿಗೆ ಹಾಕಿಬಿಟ್ಟಿತ್ತು. ಜನ ಸಿಟ್ಟಾಗಿದ್ದು ಸಹಜವೇ.

ಮತ್ತೆ, ಕನ್ನಡದಲ್ಲೇ ಬರೆಯಿರಿ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ, ಅಂದರೆ ಯೋಜನೆಗೆ ಅನುಮತಿ ಕೊಡುವ ಮೊದಲು ಅದರಿಂದ ಪರಿಸರಕ್ಕೆ ಏನಾಗುತ್ತದೆ ಎಂದು ನೋಡುವ ನಿಯಮದ ಕರಡನ್ನು ಕೇಂದ್ರ ಸರ್ಕಾರ ಹಿಂದಿ, ಇಂಗ್ಲಿಷ್‌ನಲ್ಲಿ ಮಾತ್ರ ಹೊರಡಿಸಿ ದೇಶದ ಜನರ ಅಭಿಪ್ರಾಯ ಕೇಳಿತ್ತು. ಗಣಿ, ಅಣೆಕಟ್ಟೆಯ ಪಕ್ಕದಲ್ಲಿ ಬದುಕುವವರು ಅದನ್ನು ಓದುವುದು ಹೇಗೆ? ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಸ್ಥಳೀಯ ಭಾಷೆಯಲ್ಲಿ ಪ್ರಚಾರ ಸಾಲದು ಎಂಬ ತಕರಾರಿನ ಮೇಲೆ ನಮ್ಮ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆಗೆ ಕೆಲಕಾಲ ತಡೆ ಕೊಟ್ಟಿತು. ಜನರಿಗೆ ತಿಳಿಯದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಕೇಳಿದಂತೆಯೇ ಅಲ್ಲ, ಅಲ್ವಾ?

ಪ್ರಶ್ನೆ: ಚರಂಡಿ ಕಟ್ಟಿಕೊಂಡಿದೆ ಎಂದು ಆನ್‌ಲೈನ್ ದೂರು ಕೊಟ್ಟೆ. ‘ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ’ ಎಂದು ಬರೆದು ದೂರು ಮುಗಿಸಿಬಿಟ್ಟರು. ಚರಂಡಿ ಹಾಗೇ ಇದೆ. ಇನ್ನೇನು ಮಾಡಲಿ?
– ಓದುಗರು, ಗದಗ

ಉತ್ತರ: ನನಗೆ ತುಂಬ ಸಿಟ್ಟು ಬರುವ ವಿಷಯ ಇದು. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದರೆ ಕೆಲಸ ಆದಂತಲ್ಲ. ‘ವಿಲೇವಾರಿ’ ಲೆಕ್ಕ ಜಾಸ್ತಿ ತೋರಿಸಲು ಹೀಗೆ ಮಾಡುತ್ತಾರೆ.

ಹಳೆಯ ದೂರಿನ ಸಂಖ್ಯೆ ಹಾಕಿ ಮತ್ತೆ ದೂರು ಕೊಡಿ. ಇವತ್ತಿನ ಚರಂಡಿಯ ಫೋಟೊ ಲಗತ್ತಿಸಿ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದನ್ನೂ ಆನ್‌ಲೈನ್‌ನಲ್ಲೇ ಹಾಕಬಹುದು, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ದಾಟಬಾರದು. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ. ಅದಕ್ಕೆ ಉತ್ತರ ಕೊಡದೆ ಜಾರಿಕೊಳ್ಳಬಹುದು. ‘ಇಂಥ ಸಂಖ್ಯೆಯ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ, ಸ್ಥಳ ಪರಿಶೀಲನಾ ವರದಿಯ ಪ್ರತಿ ಕೊಡಿ’ ಎನ್ನಿ. ಸ್ಥಳಕ್ಕೆ ಯಾರೂ ಹೋಗಿರದಿದ್ದರೆ ಅದೂ ಬರವಣಿಗೆಯಲ್ಲಿ ಸಿಗುತ್ತದೆ.

ದೂರು ಕೇಂದ್ರ ಸರ್ಕಾರದ ಕಚೇರಿಯದಾದರೆ ಅವರದೇ ಕುಂದುಕೊರತೆ ಪೋರ್ಟಲ್ ಇದೆ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಗಡುವನ್ನು 30 ದಿನದಿಂದ 21ಕ್ಕೆ ಇಳಿಸಿದ್ದಾರೆ. ಉತ್ತರ ಸರಿಯಿಲ್ಲದಿದ್ದರೆ ಮೇಲ್ಮನವಿಗೂ ಅವಕಾಶವಿದೆ.

ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗಳಿಗೆ 2012ರಿಂದ ‘ಸಕಾಲ’ ಇದೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದು ನಿಜ. ಆದರೆ ಅದು ತಡ ಮಾಡಿದ ನೌಕರರಿಂದ ವಸೂಲಾಗುತ್ತದೆ. ಅದಕ್ಕೇ ಕಚೇರಿಯಲ್ಲಿ ಸಕಾಲದ ಅರ್ಜಿ ಅಂದರೆ ಎಲ್ಲರೂ ಗಡುವು ನೋಡುತ್ತಾರೆ. ಸಕಾಲದ ಸಂಖ್ಯೆ ಇರುವ ಸ್ವೀಕೃತಿ ಕೊಡದೆ ‘ನಾಳೆ ಬನ್ನಿ’ ಅಂದರೆ ಒಪ್ಪಬೇಡಿ.

ಪ್ರಶ್ನೆ: ಅಪ್ಪನ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ನಾನು ಊರಲ್ಲಿಲ್ಲ. ಅವರು ಏನು ಮಾಡಬೇಕು?
– ಓದುಗರು, ಪಾವಗಡ

ಉತ್ತರ: ದೂರಿಗೆ 1902 ಸಂಖ್ಯೆಗೆ ಮಾಮೂಲಿ ಫೋನಿನಿಂದಲೇ ಕರೆ ಮಾಡಬಹುದು. ಸೇವೆಗಳಿಗೆ ಹತ್ತಿರದ ಗ್ರಾಮ ಒನ್ ಕೇಂದ್ರವಿದೆ. ಕಾಗದದ ಅರ್ಜಿಯನ್ನು ‘ಆನ್‌ಲೈನ್‌ನಲ್ಲೇ ಹಾಕಿ’ ಎಂದು ವಾಪಸ್ ಕಳಿಸುವುದು ನನ್ನ ಪ್ರಕಾರ ತಪ್ಪು. ಊರಿನ ವಿಷಯವಾದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಿ ನಡಾವಳಿಯಲ್ಲಿ ಬರೆಸಲು ಹೇಳಿ. ಕೇಂದ್ರದಲ್ಲಿ ಅರ್ಜಿ ಹಾಕಿಸುವಾಗ ಮೊಬೈಲ್ ಸಂಖ್ಯೆಯ ಜಾಗದಲ್ಲಿ ಅಪ್ಪನದೋ ನಿಮ್ಮದೋ ಹಾಕಿಸಿ, ಕೇಂದ್ರದವರದು ಬೇಡ. ಅರ್ಜಿ ಎಲ್ಲಿಗೆ ಬಂತು ಅನ್ನುವ ಸಂದೇಶವೆಲ್ಲ ಆ ನಂಬರಿಗೇ ಬರುತ್ತದೆ.