ಎರಡು ದಿನದ ಸರ್ಟಿಫಿಕೇಟ್ ಸಾಕಾ?

ಪ್ರಶ್ನೆ: ನಾನು ಹಾಸನದವನು. ಸಿವಿಲ್ ಬಿಇ ಮುಗಿಸಿ 6 ವರ್ಷ ಆಯಿತು. ಈಗ ಸಕಲೇಶಪುರದ ಕಡೆ ಒಂದು ರೆಸಾರ್ಟ್ ಕೆಲಸದಲ್ಲಿದ್ದೇನೆ. ಮೇಸ್ತ್ರಿಗೆ ಹೇಳುವುದರಿಂದ ಹಿಡಿದು ಬಿಲ್ ಪಾಸಾಗುವ ತನಕ ಎಲ್ಲ ನಾನೇ ನೋಡುತ್ತೇನೆ. ಆದರೆ ಕನ್‌ಸ್ಟ್ರಕ್ಷನ್ ಮ್ಯಾನೇಜರ್ ಎನ್ನಲು ಕೈಯಲ್ಲಿ ಏನೂ ಇಲ್ಲ. ಆನ್‌ಲೈನ್‌ನಲ್ಲಿ ಎರಡೇ ದಿನಕ್ಕೆ ಸರ್ಟಿಫಿಕೇಟ್ ಕೊಡುತ್ತಾರಂತೆ. ಸೇರಲೇ ಸರ್?

ಉತ್ತರ: ಕಲಿಯಲು ಸೇರುತ್ತೀರಾದರೆ ಸೇರಿ. ಆ ಹಾಳೆ ತೋರಿಸಿ ಕೆಲಸ ಕೇಳುವ ಆಸೆ ಇದ್ದರೆ ದುಡ್ಡು ಉಳಿಸಿಕೊಳ್ಳಿ.

ನಮ್ಮಲ್ಲಿ ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ. ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಕನ್‌ಸ್ಟ್ರಕ್ಷನ್ ಮ್ಯಾನೇಜರ್‌ಗೆ ಅಂಥ ಕಾಯ್ದೆ ಇಲ್ಲ. ನಾಳೆ ಬೆಳಿಗ್ಗೆ ಯಾರು ಬೇಕಾದರೂ ಬೋರ್ಡ್ ಬರೆಸಬಹುದು, ಅಲ್ವಾ?

ಅಮೆರಿಕದಲ್ಲಿ ಈ ಹುದ್ದೆ ಹುಟ್ಟಿದ ಕತೆ ಕೇಳಿ. ಅಲ್ಲಿ ಮಾಲೀಕ ಮೊದಲು ಡಿಸೈನ್ ಮಾಡಿಸುತ್ತಿದ್ದ, ಆಮೇಲೆ ಕಡಿಮೆ ರೇಟು ಕೂಗಿದ ಕಂಟ್ರಾಕ್ಟರ್‌ಗೆ ಕೆಲಸ ಕೊಡುತ್ತಿದ್ದ. ಕಂಟ್ರಾಕ್ಟರ್ ತನ್ನ ಲಾಭ ನೋಡಿಕೊಳ್ಳುತ್ತಾನೆ. ಮಾಲೀಕನ ದುಡ್ಡು, ಸಮಯ ಎರಡನ್ನೂ ಯಾರು ಕಾಯಬೇಕು? ಹಾಗೆ ಅವನ ಪರ ನಿಲ್ಲುವ ಮ್ಯಾನೇಜರ್ ಬೇಕಾಯಿತು. 1982ರಲ್ಲಿ ಇಂಥ ಮ್ಯಾನೇಜರ್‌ಗಳದೇ ಸಂಘ ಸಿಎಂಎಎ ಹುಟ್ಟಿತು, ಮುಂದೆ ಸಿಸಿಎಂ (ಸರ್ಟಿಫೈಡ್ ಕನ್‌ಸ್ಟ್ರಕ್ಷನ್ ಮ್ಯಾನೇಜರ್) ಎಂಬ ಸರ್ಟಿಫಿಕೇಶನ್ ಬಂತು. ಸಿವಿಲ್‌ನಂಥ ಡಿಗ್ರಿ ಇದ್ದವರಿಗೂ 48 ತಿಂಗಳ ಅನುಭವ ಬೇಕು. ಅದೂ ಸುಮ್ನೆ ಸೈಟಿನಲ್ಲಿ ನಿಂತದ್ದಲ್ಲ, ಜವಾಬ್ದಾರಿ ಹೊತ್ತು ತೀರ್ಮಾನ ತೆಗೆದುಕೊಂಡದ್ದು. ಆಮೇಲೆ ಪರೀಕ್ಷೆ. ಪಾಸಾದರೂ ಜೀವನಪೂರ್ತಿ ನಡೆಯುವುದಿಲ್ಲ, ಮೂರು ವರ್ಷಕ್ಕೊಮ್ಮೆ ನವೀಕರಣ.

ನಿಮ್ಮ ಎರಡು ದಿನದ ಹಾಳೆ ಹೇಳುವುದು ‘ಇವರು ಪಾಠಕ್ಕೆ ಬಂದಿದ್ದರು’ ಎಂದಷ್ಟೇ.

ಊರಲ್ಲೇ ಇದ್ದು ಬೆಳೆಯುವ ಆಸೆ ಇದ್ದರೆ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್‌ನ ಚಾರ್ಟರ್ಡ್ ಎಂಜಿನಿಯರ್ ಎಂಬ ಮಾನ್ಯತೆಯ ಕಡೆ ನೋಡಿ. ಗಲ್ಫ್ ಅಥವಾ ದೊಡ್ಡ ಕಂಪನಿ ಮನಸ್ಸಲ್ಲಿದ್ದರೆ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಎಂಬ ಸರ್ಟಿಫಿಕೇಶನ್. ಅದು ಎಲ್ಲ ಬಗೆಯ ಪ್ರಾಜೆಕ್ಟ್‌ಗೂ ಸೇರಿದ್ದು, ಕಟ್ಟಡಕ್ಕೆಂದೇ ಮಾಡಿದ್ದಲ್ಲ.

ಯಾವುದಕ್ಕೆ ಹೋದರೂ ನಿಮ್ಮ ಕೆಲಸಕ್ಕೆ ದಾಖಲೆ ಬೇಕು. ನಮ್ಮ ಹುಡುಗರು ಸೋಲುವುದೇ ಇಲ್ಲಿ. ಆರು ವರ್ಷ ದುಡಿದಿರುತ್ತಾರೆ, ಒಂದು ಡೈರಿ ಇರುವುದಿಲ್ಲ! ಮಳೆಗಾಲಕ್ಕೆ ಮುಂಚೆ ಮೋಲ್ಡ್ ಮುಗಿಸಲು ಕೆಲಸದ ಸರದಿ ಬದಲಿಸಿದಿರಾ? ಬರೆದಿಡಿ. ಕಾಂಕ್ರೀಟ್ ಗಟ್ಟಿತನ ನೋಡುವ 28 ದಿನದ ಕ್ಯೂಬ್ ಟೆಸ್ಟ್ ಫೇಲಾದಾಗ ಏನು ಮಾಡಿದಿರಿ? ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಯಾವ ಕೆಲಸ ನಿಮ್ಮ ಹೊಣೆಯಲ್ಲಿತ್ತು, ಎಷ್ಟು ಮೊತ್ತದ್ದು ಎಂದು ಮಾಲೀಕರಿಂದ ಪತ್ರ ಪಡೆಯಿರಿ. ಈಗಲೇ ಕೇಳಿ. ರೆಸಾರ್ಟ್ ಓಪನ್ ಆದ ಮೇಲೆ ಅವರು ನಿಮ್ಮ ಫೋನ್ ಎತ್ತುವುದು ಕಷ್ಟ.