ಸೂಟ್‌ಕೇಸ್ ಹಿಡಿದು ತಾತೆಯಾಮಾ ಬೆಟ್ಟ ದಾಟಬೇಡಿ ಮೇಡಂ

ಮೇಡಂ, ಜಪಾನ್ ಪ್ರವಾಸದ ಪ್ಲ್ಯಾನ್ ಸರಿಯಿದೆಯೇ ಎಂದು ನೀವು ಗುಂಪಿಗೆ ಹಾಕಿದ ಎಕ್ಸೆಲ್ ಶೀಟ್ ನೋಡಿ, ನನ್ನ ಹಳೇ ಫೈಲನ್ನೇ ಯಾರೋ ಹಾಕಿದ್ದಾರೆ ಅಂದುಕೊಂಡೆ. ಮೇ ಮೊದಲ ವಾರ. ಬೆಳಗ್ಗೆ ಏಳೂವರೆಗೆ ಟೋಕಿಯೊ ಬಿಡುವುದು, ನಾಗಾನೊದಿಂದ ಬಸ್ಸಲ್ಲಿ ಓಗಿಜಾವಾ, ಅಲ್ಲಿಂದ ಬಸ್ಸು, ರೋಪ್‌ವೇ ಎಂದು ಗಾಡಿ ಬದಲಿಸುತ್ತಾ ತಾತೆಯಾಮಾ ಬೆಟ್ಟ ದಾಟಿ ಟೊಯಾಮಾ, ರಾತ್ರಿ ಕನಜಾವಾ. ಜೊತೆಗೆ ಅಪ್ಪ, ಅಮ್ಮ, ಎರಡು ದೊಡ್ಡ ಸೂಟ್‌ಕೇಸ್. ಕೊನೆಯ ಕಾಲಂನಲ್ಲಿ ‘ಬೆಟ್ಟದ ಮೇಲೆ ಒಟ್ಟು ಪ್ರಯಾಣ 1 ಗಂಟೆ 50 ನಿಮಿಷ’ ಎಂದು ಹಸಿರು ಬಣ್ಣ ಬೇರೆ ಬಳಿದಿದ್ದೀರಿ. ನಾನೂ ಬಳಿದಿದ್ದೆ.

2019ರ ಕಥೆ. ಆಗ ಟೋಕಿಯೊದ ನಿಶಿ-ಕಸಾಯಿಯಲ್ಲಿದ್ದೆ, ಅಮ್ಮ ಮೈಸೂರಿನಿಂದ ಬಂದಿದ್ದರು. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದ ವರ್ಷ ಅದು. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಬರುವ ಗೋಲ್ಡನ್ ವೀಕ್ ರಜೆ ಸಾಲಾಗಿ ಹತ್ತು ದಿನ ಬಿದ್ದಿತ್ತು. ಇಡೀ ಜಪಾನ್ ಮನೆಯಿಂದ ಹೊರಬಿದ್ದಿರುವಾಗ ನಾನೂ ಹೆಂಡತಿ, ಅಮ್ಮ, ಆರು ವರ್ಷದ ಮಗಳು, ಎರಡು ಸೂಟ್‌ಕೇಸ್ ಕಟ್ಟಿಕೊಂಡು ಹೊರಟೆ. ಓಗಿಜಾವಾ ತಲುಪಿದಾಗ ಹನ್ನೊಂದು. ಸುರಂಗದ ಬಸ್ಸಿಗೆ ಮುಕ್ಕಾಲು ಗಂಟೆ ಸಾಲು. ಕುರೋಬೆ ಅಣೆಕಟ್ಟಿನ ಮೇಲೆ ನಡೆದೇ ದಾಟಬೇಕು, ಬೇರೆ ದಾರಿಯೇ ಇಲ್ಲ. ಎದುರು ಗಾಳಿ. ನನ್ನ ಎರಡೂ ಕೈಯಲ್ಲಿ ಸೂಟ್‌ಕೇಸ್. ಅಮ್ಮ ಸೀರೆಯ ಮೇಲೆ ಸ್ವೆಟರ್, ತಲೆಗೆ ಮಂಕಿ ಕ್ಯಾಪ್. ಅಮ್ಮನ ಕೈ ಹಿಡಿಯಲು ನನಗೆ ಕೈ ಉಳಿದಿರಲಿಲ್ಲ, ಅಷ್ಟು ಹೇಳಿದರೆ ಸಾಕು.

ಅಲ್ಲಿಂದ ಕೇಬಲ್ ಕಾರ್, ಅಂದರೆ ಹಳಿಯ ಮೇಲೆ ತಂತಿ ಎಳೆದೊಯ್ಯುವ ಗಾಡಿ. ಪೂರ್ತಿ ಸುರಂಗದೊಳಗೆ ಓಡುವಂಥದ್ದು. ಬೆಟ್ಟದ ಕೇಬಲ್ ಕಾರಿನ ಪ್ಲಾಟ್‌ಫಾರಂ ಎಂದರೆ ಮೆಟ್ಟಿಲು ಸಾಲು, ಇದು ಯಾವ ವ್ಲಾಗಿನಲ್ಲೂ ಬರುವುದಿಲ್ಲ. ಮೇಲೆ ಕುರೋಬೆದಾಯಿರಾದಲ್ಲಿ ರೋಪ್‌ವೇಗೆ ನಂಬರ್ ಚೀಟಿ ಕೊಟ್ಟರು. ಒಂದೂವರೆ ಗಂಟೆ ಕಾದೆವು. ಬೆಟ್ಟದ ನೆತ್ತಿಯ ಮುರೋಡೊ ತಲುಪುವಾಗ ಮೂರೂವರೆ ದಾಟಿತ್ತು, ರಸ್ತೆಗಾಗಿ ಹಿಮ ಕಡಿದಾಗ ಪಕ್ಕದಲ್ಲಿ ಎದ್ದು ನಿಲ್ಲುವ ಹಿಮಗೋಡೆಯ ಪಕ್ಕ ನಡೆಯುವ ದಾರಿ ಆ ದಿನಕ್ಕೆ ಮುಚ್ಚಿತ್ತು. ಯಾವುದನ್ನು ನೋಡಲು ಬಂದಿದ್ದೆವೋ ಅದನ್ನು ಇಳಿಯುವ ಬಸ್ಸಿನ ಕಿಟಕಿಯಿಂದ ನೋಡಿದೆವು. ಅದೂ ಮಂಜು ಹಿಡಿದ ಗಾಜು. ಅಮ್ಮ ಹೇಳಿದ್ದು ಇಷ್ಟೇ: “ನಮ್ಮ ಫ್ರೀಜರ್ ಬಾಗಿಲು ತೆಗೆದಿದ್ರೂ ಇಷ್ಟೇ ಕಾಣ್ತಿತ್ತು.”

ನಿಮ್ಮ 1 ಗಂಟೆ 50 ನಿಮಿಷದ ಲೆಕ್ಕ ತಪ್ಪಲ್ಲ. ಬಸ್ಸು 16 ನಿಮಿಷ, ನಡಿಗೆ 15, ಕೇಬಲ್ ಕಾರ್ 5, ರೋಪ್‌ವೇ 7, ಸುರಂಗದ ಬಸ್ಸು 10, ಇಳಿಯುವ ಬಸ್ಸು 50, ಕೆಳಗಿನ ಕೇಬಲ್ ಕಾರ್ 7. ಕೂಡಿದರೆ ಸರಿಯಾಗಿಯೇ ಬರುತ್ತದೆ. ಆದರೆ ಇವು ಒಂದಕ್ಕೊಂದು ಕೊಂಡಿ ಹಾಕಿದ ಗಾಡಿಗಳಲ್ಲ. ಪ್ರತಿ ಕಡೆ ಇಳಿದು ಮತ್ತೆ ಸಾಲು ನಿಲ್ಲಬೇಕು. ಎಲ್ಲಕ್ಕಿಂತ ಇಕ್ಕಟ್ಟು ರೋಪ್‌ವೇ. ಒಂದು ಸಲಕ್ಕೆ 80 ಜನ, ಅಷ್ಟೇ. ನಡುವೆ ಒಂದೂ ಕಂಬವಿಲ್ಲದೆ 1.7 ಕಿ.ಮೀ. ತೂಗುವ ತಂತಿ ಅದು. ನೋಟ ಅದ್ಭುತ, ಆದರೆ ಗಾಳಿ ಜೋರಾದರೆ ನಿಲ್ಲಿಸಿಬಿಡುತ್ತಾರೆ. ರಜೆಯ ದಿನ ಬೆಳಗ್ಗೆ ಬೇಗ ಹತ್ತದಿದ್ದರೆ ನಿಮ್ಮ ಅರ್ಧ ದಿನ ಅಲ್ಲೇ ಹೋಗುತ್ತದೆ.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು “ಏನೂ ಆಗಲ್ಲ, ಆರಾಮಾಗಿ ಹೋಗಿ ಬನ್ನಿ” ಎಂದು ಬರೆದಿದ್ದಾರೆ. ಸರ್, ನೀವು ಹೋಗಿದ್ದು ಅಕ್ಟೋಬರಿನ ಮಂಗಳವಾರ, ಬೆನ್ನಿಗೆ ಒಂದು ಬ್ಯಾಗು, ಇಬ್ಬರೇ ಸ್ನೇಹಿತರು. ಫೋಟೊದಲ್ಲೇ ಕಾಣುತ್ತಿದೆ. ವಯಸ್ಸಾದವರನ್ನು ಕರೆದುಕೊಂಡು ಹೊರಟವರಿಗೆ ಸುಮ್ನೆ ಧೈರ್ಯ ತುಂಬಬೇಡಿ.

ಈಗ ನನ್ನ ದಾರಿ. 2023ರ ಅಕ್ಟೋಬರಿನಲ್ಲಿ ಅತ್ತೆ ಮಾವನ ಜೊತೆ ಹೀಗೇ ಮಾಡಿದೆ, ಬೆಣ್ಣೆಯಂತೆ ಸಾಗಿತು. ನಿಮ್ಮ ಪ್ಲ್ಯಾನನ್ನು ತಿರುಗಿಸಿ. ಮೊದಲು ಟೋಕಿಯೊದಿಂದ ಶಿಂಕಾನ್ಸೆನ್ ಬುಲೆಟ್ ರೈಲಲ್ಲಿ ನೇರ ಕನಜಾವಾ, ಊರು ನೋಡಿ. ಮರುದಿನ ಟೊಯಾಮಾದಲ್ಲಿ ಮಲಗಿ. ಅದರ ಮರುದಿನ ಬೆಳಗಿನ ಮೊದಲ ಚಿಹೋ ರೈಲು (ಅಲ್ಲಿನ ಖಾಸಗಿ ಲೋಕಲ್ ರೈಲು) ಹಿಡಿದು ತಾತೆಯಾಮಾ ಸ್ಟೇಷನ್. ಕೇಬಲ್ ಕಾರಿಗೆ ವೆಬ್‌ನಲ್ಲಿ ಮೊದಲೇ ಸಮಯ ಬುಕ್ ಮಾಡಿರಬೇಕು. ಆ ಬುಕಿಂಗ್ ಮೊದಲ ಗಾಡಿಗೆ ಮಾತ್ರ, ಮುಂದಿನದೆಲ್ಲ ಬಂದವರಿಗೆ ಬಂದಂತೆ. ಒಂಬತ್ತು, ಒಂಬತ್ತೂವರೆಗೆ ಮುರೋಡೊ ಮುಟ್ಟಿದರೆ ದಿನ ನಿಮ್ಮದು. ಸಂಜೆ ಓಗಿಜಾವಾಕ್ಕೆ ಇಳಿದು, ಬಸ್ಸಲ್ಲಿ 40 ನಿಮಿಷ ಶಿನಾನೊ-ಓಮಾಚಿ, ಅಲ್ಲಿಂದ ರೈಲಲ್ಲಿ ಮತ್ಸುಮೋಟೊ. ಮುಂದೆ ಕ್ಯೋಟೊ ತಾನೇ? ಮತ್ಸುಮೋಟೊದಿಂದ ನಗೋಯಾ ಎರಡು ಗಂಟೆ, ಅಲ್ಲಿಂದ ಕ್ಯೋಟೊ ಅರ್ಧ ಗಂಟೆ ಚಿಲ್ಲರೆ. ನಿಮಗೆ ಏನೂ ನಷ್ಟವಿಲ್ಲ.

ಓಗಿಜಾವಾ ಕಡೆಯಿಂದಲೂ ಮೊದಲ ಬಸ್ಸಿಗೆ ಹತ್ತಬಹುದು, ಆದರೆ ಅದಕ್ಕೆ ಹಿಂದಿನ ರಾತ್ರಿ ಓಮಾಚಿಯಲ್ಲೇ ಇರಬೇಕು. ಟೋಕಿಯೊದಿಂದ ಅದೇ ದಿನ ಎಂಬ ಮಾತೇ ಬೇಡ. ಕಾರ್ ಬಾಡಿಗೆಗೆ ತೆಗೆದುಕೊಂಡರೂ ಉಪಯೋಗವಿಲ್ಲ, ಮೇಲಿನ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ವಿದೇಶಿ ಪ್ರವಾಸಿಗರು ಕೊಳ್ಳುವ ಜೆಆರ್ (ಜಪಾನ್ ರೈಲ್ವೆ) ಪಾಸ್ ಕೂಡ ಬೆಟ್ಟದ ಮೇಲೆ ನಡೆಯುವುದಿಲ್ಲ, ಚಿಹೋ ರೈಲಲ್ಲೂ ಇಲ್ಲ. ಬೆಟ್ಟ ದಾಟಲು ಒಬ್ಬರಿಗೆ 10 ಸಾವಿರ ಯೆನ್‌ಗಿಂತ ಜಾಸ್ತಿ ಬೇರೆಯೇ ಇಟ್ಟುಕೊಳ್ಳಿ. ಏಳು ದಿನದ ಪಾಸು 2023ರ ಅಕ್ಟೋಬರಿನಲ್ಲಿ 29,650ರಿಂದ 50,000 ಯೆನ್‌ಗೆ ಜಿಗಿದ ಮೇಲೆ ನಾನಂತೂ ಅದನ್ನು ಯಾರಿಗೂ ಹೇಳುತ್ತಿಲ್ಲ. ಬಿಡಿ ಟಿಕೆಟ್ ಲೆಕ್ಕ ಹಾಕಿ ನೋಡಿ.

ಸೂಟ್‌ಕೇಸ್ ವಿಷಯಕ್ಕೆ ಬರುತ್ತೇನೆ. ತಕ್ಯೂಬಿನ್! ಅಂದರೆ ಬ್ಯಾಗು ತಲುಪಿಸುವ ಕೊರಿಯರ್. ಕಪ್ಪು ಬೆಕ್ಕು ಮರಿಯನ್ನು ಕಚ್ಚಿಕೊಂಡಿರುವ ಗುರುತು ಇದೆಯಲ್ಲ, ಯಾಮಾತೊ, ಅವರದ್ದು. ಟೋಕಿಯೊ ಹೋಟೆಲಿನ ಕೌಂಟರಿನಲ್ಲೇ ಕೊಟ್ಟು ನೇರ ಮತ್ಸುಮೋಟೊ ಹೋಟೆಲಿಗೆ ಕಳಿಸಿ. ಚೀಟಿಯಲ್ಲಿ ಬುಕಿಂಗ್ ಯಾರ ಹೆಸರಲ್ಲಿದೆಯೋ ಅದೇ ಹೆಸರು, ಚೆಕ್-ಇನ್ ತಾರೀಕು ಬರೆಯಿಸಿ. ಬೇಗ ತಲುಪಿದರೆ ಇಟ್ಟುಕೊಳ್ಳುತ್ತೀರಾ ಎಂದು ಆ ಹೋಟೆಲಿಗೆ ಮೊದಲೇ ಮೇಲ್ ಹಾಕಿ. ಬೆಟ್ಟದ ಆಚೀಚೆ ಅದೇ ದಿನ ತಲುಪಿಸುವ ಬ್ಯಾಗು ಸೇವೆಯೂ ಇದೆ. ಆದರೆ ಬೆಳ್ಳಂಬೆಳಗ್ಗೆ ಕೊಡಬೇಕು, ಎಲ್ಲ ಹೋಟೆಲಿಗೂ ಹೋಗುವುದಿಲ್ಲ, ನನಗೆ ಆ ತಲೆಬಿಸಿ ಬೇಡ.

ಇದರಲ್ಲೂ ಒಂದು ಎಡವಟ್ಟು ಮಾಡಿದ್ದೇನೆ, ಹೇಳಿಬಿಡುತ್ತೇನೆ. ಎರಡನೇ ಸಲ ಎಲ್ಲವೂ ಪಕ್ಕಾ ಎಂದು ಬೀಗುತ್ತಿದ್ದಾಗ ಟೊಯಾಮಾದಲ್ಲಿ ಮಾವನವರು ಮೆಲ್ಲಗೆ ಕೇಳಿದರು, “ನನ್ನ ಬಿಪಿ ಮಾತ್ರೆ ಎಲ್ಲಿಟ್ರಿ?” ಅದು ಬೆಕ್ಕಿನ ಜೊತೆ ಮತ್ಸುಮೋಟೊಗೆ ಹೋಗಿತ್ತು. ಪುಣ್ಯಕ್ಕೆ ಅತ್ತೆಯವರ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಸ್ಟ್ರಿಪ್ ಇತ್ತು. ಮೂರು ದಿನದ ಮಾತ್ರೆ, ಒಂದು ಜೊತೆ ಬಟ್ಟೆ, ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ.

ಬಿಪಿ ಎಂದಾಗ ನೆನಪಾಯಿತು. ತಾತೆಯಾಮಾ ಸ್ಟೇಷನ್ 475 ಮೀಟರ್, ಮುರೋಡೊ 2,450. ಒಂದು ಗಂಟೆ ಚಿಲ್ಲರೆಯಲ್ಲಿ ನಮ್ಮ ಮುಳ್ಳಯ್ಯನಗಿರಿಗಿಂತ 500 ಮೀಟರ್ ಮೇಲಕ್ಕೆ ಹೋಗಿ ನಿಲ್ಲುತ್ತೀರಿ. ಇಳಿದ ತಕ್ಷಣ ಹಿಮ ಕಂಡು ಓಡಬೇಡಿ. ಹತ್ತು ನಿಮಿಷ ಕೂತು ನೀರು ಕುಡಿಯಿರಿ. ನನ್ನ ಹೆಂಡತಿಗೆ ತಲೆನೋವು ಬಂದಿತ್ತು, ಕೆಳಗಿಳಿದ ಮೇಲೆ ಹೋಯಿತು. ಅಪ್ಪನಿಗೆ ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ, ಗುಂಪನ್ನಲ್ಲ. ಉಬ್ಬಸ ಇದ್ದವರು ಇನ್ನೂ ಹುಷಾರು. ಪಕ್ಕದ ಜಿಗೋಕುದಾನಿ ಕಣಿವೆಯಿಂದ ಗಂಧಕದ ಹೊಗೆ ಬರುತ್ತದೆ. ಗ್ಯಾಸ್ ಕಾರಣಕ್ಕೇ ಆ ಕಣಿವೆಯೊಳಗೆ ನಡೆಯಲು ಬಿಡುತ್ತಿಲ್ಲ.

ಕೂಲಿಂಗ್ ಗ್ಲಾಸ್ ಎಲ್ಲರಿಗೂ ಬೇಕು, ಇದು ಸ್ಟೈಲಿಗಲ್ಲ, ಹಿಮದ ಬೆಳಕು ಕಣ್ಣು ಕುಕ್ಕುತ್ತದೆ. ಒಳಗೆ ಯುನಿಕ್ಲೋ ಹೀಟ್‌ಟೆಕ್, ಹೊರಗೆ ಗಾಳಿ ತಡೆಯುವ ಯಾವುದಾದರೂ ಜಾಕೆಟ್ ಸಾಕು. ದುಬಾರಿ ಬ್ರ್ಯಾಂಡಿನ ಹಿಂದೆ ಬೀಳಬೇಡಿ, ಡೆಕಾತ್ಲಾನ್‌ನದ್ದೇ ನನ್ನ ಬಳಿ ಏಳು ವರ್ಷದಿಂದ ಇದೆ. ಶೂಗೆ ಮಾತ್ರ ದುಡ್ಡು ಹಾಕಿ. ಅಮ್ಮ ಸೀರೆಯೇ ಉಡುತ್ತೇನೆ ಎಂದರೆ ಒಳಗೆ ಲೆಗ್ಗಿಂಗ್ಸ್, ಸೀರೆ ಒಂದು ಗೇಣು ಮೇಲೆ.

ಊಟ. ನೀವು ಸಸ್ಯಾಹಾರಿ ಎಂದು ಬರೆದಿದ್ದೀರಿ. ಮೇಲೆ ಸೋಬಾ ನೂಡಲ್ಸ್ ಸಿಗುತ್ತದೆ, ನೋಡಲು ಪಾಪದ್ದು, ಸಾರು ಮಾತ್ರ ಒಣಮೀನಿನದು. ಅನ್ನವನ್ನು ಅಣೆಕಟ್ಟಿನ ಹಾಗೆ ಕಟ್ಟಿ ಕೊಡುವ ಕುರೋಬೆ ಡ್ಯಾಮ್ ಕರಿಯಲ್ಲೂ ಮಾಂಸ ಇರುತ್ತದೆ. ಕನ್ವೀನಿಯನ್ಸ್ ಅಂಗಡಿಯ ಉಪ್ಪಿನ ಓನಿಗಿರಿ (ಅನ್ನದ ಉಂಡೆ) ಸರಿ ಹೋಗಬಹುದು, ಉಮೆಬೋಶಿ ಎಂಬ ಹುಳಿ ಉಪ್ಪಿನಕಾಯಿ ಹಾಕಿದ್ದರಲ್ಲಿ ಕೆಲವೊಮ್ಮೆ ಮೀನಿನ ಚೂರು ಇರುತ್ತದೆ, ಲೇಬಲ್ ಓದಿಸಿ. ನನ್ನ ಉಪಾಯ: ‘ಸಾತೋ ನೋ ಗೋಹನ್’ ಎಂಬ ಡಬ್ಬಿ ಅನ್ನ, ಮೈಕ್ರೋವೇವಲ್ಲಿ ಎರಡು ನಿಮಿಷ, ಊರಿಂದ ತಂದ ಪುಳಿಯೋಗರೆ ಗೊಜ್ಜು ಕಲಸಿ ಡಬ್ಬಿಗೆ. ಪುಡಿ ಪ್ಯಾಕೆಟ್ ಬೇಡ, ಮನೆಯ ಗೊಜ್ಜೇ ಆಗಬೇಕು. ತಣ್ಣನೆ ಅನ್ನಕ್ಕೆ ಪುಡಿ ಹಿಡಿಯುವುದಿಲ್ಲ. ಕಸ ವಾಪಸ್ ಚೀಲಕ್ಕೆ, ಅಲ್ಲಿ ಕಸದ ಬುಟ್ಟಿ ಹುಡುಕುತ್ತಾ ಅಲೆಯಬೇಡಿ.

ಇನ್ನೊಂದು. ಹಿಮಗೋಡೆ ಮತ್ತು ಅಣೆಕಟ್ಟಿನಿಂದ ಧುಮುಕುವ ನೀರು, ಎರಡೂ ಬೇಕು ಎಂದಿದ್ದೀರಿ. ಆಗುವುದಿಲ್ಲ. ಪ್ರವಾಸಿಗರಿಗಾಗಿ ನೀರು ಬಿಡುವುದು ಜೂನ್ 26ರಿಂದ ಅಕ್ಟೋಬರ್ 15ರವರೆಗೆ. ಮೇ ತಿಂಗಳಲ್ಲಿ ಒಣ ಗೋಡೆ ಮಾತ್ರ. ಹಾಗೆಂದು ಬೇಜಾರಾಗಬೇಡಿ. ಅಣೆಕಟ್ಟಿನ ಎತ್ತರ 186 ಮೀಟರ್, ನಮ್ಮ ಸೂಪಾ ಅಣೆಕಟ್ಟಿನದು 101. ಕಟ್ಟುವಾಗ 171 ಜನ ಸತ್ತರು, ಅವರ ನೆನಪಿನ ಕಲ್ಲು ಅಲ್ಲೇ ಇದೆ, ಎರಡು ನಿಮಿಷ ನಿಲ್ಲಿ. 220 ಮೆಟ್ಟಿಲಿನ ವೀಕ್ಷಣೆ ಜಾಗಕ್ಕೆ ಅಪ್ಪ ಅಮ್ಮನನ್ನು ಹತ್ತಿಸಬೇಡಿ, ಕೆಳಗೇ ಕೂರಲಿ. ಯೂಟ್ಯೂಬ್ ನೋಡಿ ಸುರಂಗದಲ್ಲಿ ಟ್ರಾಲಿ ಬಸ್ (ಮೇಲಿನ ತಂತಿಯಿಂದ ಕರೆಂಟ್ ಪಡೆದು ಓಡುವ ಬಸ್ಸು) ಹುಡುಕಬೇಡಿ, ಕೊನೆಯದು 2024ರ ನವೆಂಬರ್ 30ಕ್ಕೆ ನಿಂತಿತು. ಈಗ ಬ್ಯಾಟರಿ ಬಸ್ಸು.

ಮುರೋಡೊದಿಂದ ಸುರಂಗದ ಬಸ್ಸಲ್ಲಿ ರೋಪ್‌ವೇಯ ಮೇಲಿನ ನಿಲ್ದಾಣ ದಾಯಿಕಾನ್‌ಬೋಗೆ ಇಳಿದ ಕೂಡಲೇ ರೋಪ್‌ವೇ ನಂಬರ್ ಚೀಟಿ ಕೊಡುತ್ತಿದ್ದರೆ ಮೊದಲು ಅದನ್ನು ತೆಗೆದುಕೊಳ್ಳಿ, ಆಮೇಲೆ ಫೋಟೊ. ಮುರೋಡೊದಲ್ಲಿ ಮೋಡ ಕವಿದರೆ ಮುಖ ಸಣ್ಣದು ಮಾಡಬೇಡಿ, ರಾಯ್ಚೋ ಹಕ್ಕಿ ಹೊರಗೆ ಬರುವುದೇ ಅಂಥ ಹೊತ್ತಲ್ಲಿ, ಹದ್ದಿನ ಭಯ ಇರುವುದಿಲ್ಲ. ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ.

ಗೋಲ್ಡನ್ ವೀಕ್‌ಗೆ ಟೊಯಾಮಾದಲ್ಲಿ ರೂಮು ಬೇಗ ಖಾಲಿಯಾಗುತ್ತದೆ, ಇವತ್ತೇ ನೋಡಿ. ಸಿಗದಿದ್ದರೆ ಕನಜಾವಾದಲ್ಲೇ ಇನ್ನೊಂದು ರಾತ್ರಿ ಇದ್ದು ಬೆಳಗಿನ ಮೊದಲ ಶಿಂಕಾನ್ಸೆನ್ ಹಿಡಿಯಿರಿ, ಟೊಯಾಮಾ 20 ನಿಮಿಷ ಚಿಲ್ಲರೆ. ಮುರೋಡೊ ತಲುಪುವುದು ಸ್ವಲ್ಪ ತಡವಾಗುತ್ತದೆ, ಆಗ ಅಣೆಕಟ್ಟಿನ ಹತ್ತಿರದ ಸಮಯ ಕಡಿಮೆ ಮಾಡಿ, ಹಿಮಗೋಡೆಯದ್ದಲ್ಲ.