ಓದುಗರ ಪ್ರಶ್ನೆ: ಸಂಬಳದ ಅಗ್ನಿಶಾಮಕರು, ಸಂಬಳವಿಲ್ಲದ ಅಗ್ನಿಶಾಮಕರು

(ಈ ಸಂಚಿಕೆಯ ಪ್ರಶ್ನೆಗಳಿಗೆ ಉತ್ತರಿಸಿದವರು ಒಬ್ಬ ನಿವೃತ್ತ ಅಗ್ನಿಶಾಮಕ ಠಾಣಾಧಿಕಾರಿ.)

ಪ್ರಶ್ನೆ: ಮೂರು ವರ್ಷಗಳಿಂದ ಜರ್ಮನಿಯ ಸಣ್ಣ ಊರೊಂದರಲ್ಲಿದ್ದೇನೆ. ಪಕ್ಕದ ಮನೆಯ ಬಡಗಿಯನ್ನು ಒಂದು ರಾತ್ರಿ ಊಟಕ್ಕೆ ಕರೆದಿದ್ದೆವು. ಅವರ ಸೊಂಟದಲ್ಲಿದ್ದ ಪೇಜರ್ ಸದ್ದು ಮಾಡಿದ್ದೇ ತಡ, ಬಡಿಸಿದ ತಟ್ಟೆಯನ್ನು ಬಿಟ್ಟು ಓಡಿದರು. ಅವರು ಊರಿನ ಅಗ್ನಿಶಾಮಕ ದಳದವರಂತೆ, ಸಂಬಳವಿಲ್ಲವಂತೆ. ಸಂಬಳವಿಲ್ಲದವರನ್ನು ನಂಬಿ ಇಡೀ ಊರು ಹೇಗೆ ನಿದ್ದೆ ಮಾಡುತ್ತದೆ?
– ಒಬ್ಬ ಕನ್ನಡಿಗ, ಬವೇರಿಯಾ

ಉತ್ತರ: ನಿಮ್ಮ ನೆರೆಯವರು ಸಂಬಳವಿಲ್ಲದೆ ದುಡಿಯುತ್ತಿರುವುದು ನಿಜ, ಆದರೆ ಅದು ಬಿಡುವಿದ್ದಾಗ ಮಾಡಿ ಬೇಡವಾದಾಗ ಬಿಡುವ ಕೆಲಸವಲ್ಲ. ಜರ್ಮನಿಯಲ್ಲಿ ಅಗ್ನಿಶಾಮಕ ದಳವನ್ನು ನಡೆಸುವುದು ಸ್ಥಳೀಯ ಆಡಳಿತದ ಹೊಣೆ. ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಸಾಮಾನ್ಯವಾಗಿ ಸಂಬಳದ ದಳವಿರುತ್ತದೆ. ಉಳಿದ ಸಾವಿರಾರು ಊರುಗಳನ್ನು ಕಾಯುವವರು ಸ್ವಯಂಸೇವಕರೇ, ಮತ್ತು ಅವರ ಸಂಖ್ಯೆ 10 ಲಕ್ಷದ ಆಸುಪಾಸಿನಲ್ಲಿದೆ. ಮ್ಯೂನಿಕ್, ಹ್ಯಾಂಬರ್ಗ್‌ನಂಥ ದೊಡ್ಡ ನಗರಗಳಲ್ಲಿಯೂ ಸಂಬಳದ ದಳದ ಜೊತೆಗೆ ಸ್ವಯಂಸೇವಕರ ದಳಗಳಿವೆ.

ಇದು ಬರಿಯ ಒಳ್ಳೆಯತನದ ಮೇಲೆ ನಿಂತ ಏರ್ಪಾಡಲ್ಲ. ಕೆಲಸದ ವೇಳೆಯಲ್ಲಿ ಕರೆ ಬಂದರೆ ಮಾಲೀಕರು ಅವರನ್ನು ಬಿಟ್ಟುಕೊಡಬೇಕು, ಆ ಹೊತ್ತಿನ ಕೂಲಿಯನ್ನು ಹಿಡಿಯುವಂತಿಲ್ಲ, ಮತ್ತು ಖಾಸಗಿ ಮಾಲೀಕರಿಗೆ ಆದ ನಷ್ಟವನ್ನು ಸ್ಥಳೀಯ ಆಡಳಿತ ತುಂಬಿಕೊಡುತ್ತದೆ. ಸೇರಿದವರು ಮೂಲ ತರಬೇತಿಯನ್ನು ಮುಗಿಸಲೇಬೇಕು. ಉಸಿರಾಟದ ಉಪಕರಣ ಹೊತ್ತು ಹೊಗೆಯೊಳಗೆ ಹೋಗುವವರಿಗಂತೂ ವೈದ್ಯಕೀಯ ತಪಾಸಣೆ, ಪ್ರತಿವರ್ಷದ ಅಭ್ಯಾಸ ಎರಡೂ ಕಡ್ಡಾಯ. ಸ್ವಯಂಸೇವಕರು ಸಾಲದೆಹೋದ ಊರಿನಲ್ಲಿ ನಿವಾಸಿಗಳನ್ನು ಕಡ್ಡಾಯವಾಗಿ ದಳಕ್ಕೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ಕೇಳಿದರೆ ನಮ್ಮವರಿಗೆ ಸೋಜಿಗವಾದೀತು. ಆ ಬಡಗಿಯ ಧೈರ್ಯವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಈ ವ್ಯವಸ್ಥೆಯನ್ನು ಇಷ್ಟು ಕಾಲ ಎತ್ತಿ ಹಿಡಿದಿರುವುದು ಅವರ ಕೂಲಿಯನ್ನು ಕಾಯುವ ಆ ನಿಯಮವೇ ಎಂದು ನನಗನಿಸುತ್ತದೆ. ಹಾಗಿದ್ದೂ ಅಲ್ಲಿ ತೊಡಕಿಲ್ಲದಿಲ್ಲ. ಹಳ್ಳಿಯ ಯುವಕರು ಹಗಲೆಲ್ಲ ದೂರದ ಪಟ್ಟಣಗಳಲ್ಲಿ ದುಡಿಯುವುದರಿಂದ ರಾತ್ರಿ ಸಿಗುವಷ್ಟು ಜನ ಹಗಲು ಸಿಗುವುದಿಲ್ಲ.

ಅಂದಹಾಗೆ, ನೀವೂ ಸೇರಲು ಯತ್ನಿಸಬಹುದು. ಜರ್ಮನ್ ಪೌರತ್ವವಿಲ್ಲದವರನ್ನೂ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ, ಆದರೆ ಗದ್ದಲದ ನಡುವೆ ಕೂಗಿ ಹೇಳಿದ ಆದೇಶ ಅರ್ಥವಾಗುವಷ್ಟು ಭಾಷೆ ಬರಬೇಕು.

ಪ್ರಶ್ನೆ: ನಮ್ಮ ಊರಿಗೂ ಅಗ್ನಿಶಾಮಕ ಠಾಣೆಗೂ 30 ಕಿಲೋಮೀಟರ್ ದೂರ. ಬೇಸಿಗೆ ಬಂತೆಂದರೆ ಬಣವೆಗಳಿಗೆ ಬೆಂಕಿ ಬೀಳುತ್ತದೆ. ನಾವು ಹತ್ತು ಮಂದಿ ಯುವಕರು ಸ್ವಯಂಸೇವಕರ ಅಗ್ನಿಶಾಮಕ ದಳ ಕಟ್ಟಬಹುದೇ?
– ಓದುಗರು, ಕಡೂರು ತಾಲ್ಲೂಕು

ಉತ್ತರ: ಜರ್ಮನಿಯಲ್ಲಿರುವಂಥ ಊರದಳದ ವ್ಯವಸ್ಥೆ ನಮ್ಮಲ್ಲಿಲ್ಲ. ಇಲ್ಲಿ ಬೆಂಕಿ ನಂದಿಸುವುದು 1964ರ ಕಾಯ್ದೆಯಡಿ ನಡೆಯುತ್ತಿರುವ ಸರ್ಕಾರಿ ಇಲಾಖೆಯ ಕೆಲಸ, ಅದರ ಸಿಬ್ಬಂದಿ ಸಂಬಳದವರು. ಹಾಗೆಂದು ಸ್ವಯಂಸೇವಕರೇ ಇಲ್ಲ ಎಂದರೆ ಸುಳ್ಳಾದೀತು. ಬಣವೆ ಹೊತ್ತಿದಾಗ ನಮ್ಮ ಜಲವಾಹನ ಬರುವ ಮೊದಲೇ ಪಂಪ್‌ಸೆಟ್ ಹಾಕಿ, ಕೊಡ ಹಿಡಿದು, ಪಕ್ಕದ ಬಣವೆಯ ಹುಲ್ಲನ್ನು ಎಳೆದು ದೂರ ಮಾಡಿದ ಊರವರನ್ನು ನನ್ನ ಸೇವೆಯುದ್ದಕ್ಕೂ ಕಂಡಿದ್ದೇನೆ. ಅವರ ಹೆಸರು ನಮ್ಮ ವರದಿಯಲ್ಲಿ ಬರುತ್ತಿರಲಿಲ್ಲ, ಅಷ್ಟೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಮೇಲಿನಿಂದ ನೀರು ಸುರಿದರೆ, ನೆಲದ ಮೇಲೆ ಅರಣ್ಯ ಸಿಬ್ಬಂದಿಯ ಜೊತೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರಲ್ಲಿ ಹೊರಗಿನಿಂದ ಹೋದ ಸ್ವಯಂಸೇವಕರೂ ಇದ್ದರು.

ಆದರೆ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ತರಬೇತಿಯಿಲ್ಲದೆ ನುಗ್ಗಿದವರನ್ನು ಹೊರಗೆ ತರುವುದು ಎಷ್ಟೋ ಸಲ ನಮಗೆ ಎರಡನೆಯ ಕೆಲಸವಾಗುತ್ತದೆ. ಕಾಡಿನ ಬೆಂಕಿ ಗಾಳಿಯ ಜೊತೆ ದಿಕ್ಕು ಬದಲಿಸುತ್ತದೆ ಮತ್ತು ಇಳಿಜಾರಿನಲ್ಲಿ ಮೇಲ್ಮುಖವಾಗಿ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು; ಅರಣ್ಯ ಸಿಬ್ಬಂದಿಯೂ ಅದಕ್ಕೆ ಬಲಿಯಾಗಿದ್ದಾರೆ. ಆದ್ದರಿಂದ ದಳದ ಹೆಸರು, ಟೀ ಶರ್ಟುಗಳ ವಿಚಾರಕ್ಕಿಂತ ಮೊದಲು ಗೃಹರಕ್ಷಕ ದಳವನ್ನಾಗಲಿ, ಪೌರರಕ್ಷಣಾ ಪಡೆಯನ್ನಾಗಲಿ ಸೇರುವ ದಾರಿಯನ್ನು ವಿಚಾರಿಸಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆಯಲ್ಲಿ ಊರಿನ ಯುವಕರಿಗೆ 12 ದಿನಗಳ ತರಬೇತಿ ಕೊಟ್ಟದ್ದುಂಟು. ನಿಮ್ಮ ಜಿಲ್ಲೆಯಲ್ಲಿ ಈಗ ಅವಕಾಶವಿದೆಯೇ ಎಂದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಠಾಣಾಧಿಕಾರಿಯನ್ನು ಊರಿಗೆ ಕರೆದರೆ ಅಣಕು ಪ್ರದರ್ಶನವನ್ನೂ ಮಾಡಿ ತೋರಿಸುತ್ತಾರೆ. ಅಷ್ಟರೊಳಗೆ ನೀವೇ ಮಾಡಬಹುದಾದದ್ದು ಬಣವೆಗಳನ್ನು ಮನೆ, ಕೊಟ್ಟಿಗೆ, ವಿದ್ಯುತ್ ತಂತಿಗಳಿಂದ ದೂರಕ್ಕೆ, ಒಂದರಿಂದೊಂದಕ್ಕೆ ಅಂತರ ಬಿಟ್ಟು ಒಟ್ಟಿಸುವುದು. ಊರಿನ ಹಿರಿಯರನ್ನು ಇದಕ್ಕೆ ಒಪ್ಪಿಸುವುದು ಬೆಂಕಿ ನಂದಿಸುವುದಕ್ಕಿಂತ ಕಷ್ಟ ಎಂದು ಬಲ್ಲೆ.

ಪ್ರಶ್ನೆ: ನನ್ನ ಮಗ ಅಗ್ನಿಶಾಮಕ ಇಲಾಖೆಗೆ ಆಯ್ಕೆಯಾಗಿದ್ದಾನೆ. ಏಪ್ರಿಲ್ 14ರಂದು ಹುತಾತ್ಮರಿಗೆ ಹೂವಿಡುವ ಫೋಟೋ ಕಳಿಸಿದ್ದ. ಅದನ್ನು ನೋಡಿದಾಗಿನಿಂದ ಊಟ ಸೇರುತ್ತಿಲ್ಲ.
– ಒಬ್ಬ ತಾಯಿ, ಗದಗ

ಉತ್ತರ: ತಾಯಿ, ಹೆದರಬೇಡಿ ಎಂದು ಬಾಯಿಮಾತಿಗೆ ಹೇಳಲಾರೆ. ಆ ಹೂವು 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಮಡಿದ 66 ಅಗ್ನಿಶಾಮಕರ ನೆನಪಿಗೆ. ಹತ್ತಿಯ ಮೂಟೆ, ಸಿಡಿಮದ್ದು ಎರಡನ್ನೂ ತುಂಬಿಕೊಂಡಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿನ ಬೆಂಕಿಯನ್ನು ಅವರು ನಂದಿಸುತ್ತಿದ್ದಾಗ ಹಡಗೇ ಸ್ಫೋಟಿಸಿತು. ಉರಿಯುತ್ತಿರುವುದು ಏನು, ಅದರ ಪಕ್ಕದಲ್ಲಿರುವುದು ಏನು ಎಂದು ತಿಳಿಯದೆ ಹತ್ತಿರ ಹೋಗಬೇಡ ಎಂದೇ ಇವತ್ತಿಗೂ ಮಕ್ಕಳಿಗೆ ಕಲಿಸುತ್ತೇವೆ.

ನಿಮ್ಮ ಮಗ ಬೆನ್ನಿಗೆ ಹೊರುವ 6 ಲೀಟರಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಸುಮಾರು 1,800 ಲೀಟರ್. ಲೆಕ್ಕದಲ್ಲಿ ಅದು 45 ನಿಮಿಷಕ್ಕೆ ಸಾಕು. ಏದುಸಿರು ಬಿಡುವ ಹೊಸಬರಿಗೆ ಅರ್ಧ ಗಂಟೆಯೂ ಬಾರದೆ, ಗಾಳಿ ಮುಗಿಯುತ್ತಾ ಬಂತೆಂದು ಎಚ್ಚರಿಸುವ ಶಿಳ್ಳೆ ಉಪಕರಣದಿಂದ ಕೇಳಿಸುತ್ತದೆ. ಶಿಳ್ಳೆ ಕೇಳಿದೊಡನೆ ಮರುಮಾತಿಲ್ಲದೆ ಹೊರಗೆ ಬರುವ ಶಿಸ್ತೇ ಮುಖ್ಯ, ತರಬೇತಿಯಲ್ಲಿ ಅದನ್ನು ಮೈಗೂಡಿಸುತ್ತಾರೆ. ನನಗೆ ಹೆಚ್ಚು ಕಳವಳವಿರುವುದು ನಿಧಾನವಾಗಿ ಬರುವ ಅಪಾಯಗಳ ಬಗ್ಗೆ. ಅಮೆರಿಕದಲ್ಲಿ ಕರ್ತವ್ಯದ ಮೇಲೆ ಸಾಯುವ ಅಗ್ನಿಶಾಮಕರಲ್ಲಿ ಸುಟ್ಟು ಸಾಯುವವರಿಗಿಂತ ಹೃದಯಾಘಾತದಿಂದ ಸಾಯುವವರು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2022ರಲ್ಲಿ ಈ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಯ ಮಸಿ ಹತ್ತಿದ ಬಟ್ಟೆಯನ್ನು ಮನೆಗೆ ತರಬಾರದೆಂದೂ, ಠಾಣೆಯಲ್ಲೇ ಸ್ನಾನ ಮಾಡಿ ಬರಬೇಕೆಂದೂ ಮಗನಿಗೆ ಹೇಳಿ. ನಮ್ಮ ಕಾಲದಲ್ಲಿ ಮಸಿ ಮೆತ್ತಿದ ಮುಖವೆಂದರೆ ನಮಗೆ ಹೆಮ್ಮೆಯಾಗಿತ್ತು, ಹೇಳುವವರು ಯಾರೂ ಇರಲಿಲ್ಲ.

ಪ್ರಶ್ನೆ: ಅಂಗಡಿ ಉರಿಯುತ್ತಿದ್ದಾಗ ಬಂದ ಗಾಡಿಯಲ್ಲಿ ಹತ್ತೇ ನಿಮಿಷಕ್ಕೆ ನೀರು ಮುಗಿಯಿತು. ಅರ್ಧ ತುಂಬಿಸಿಕೊಂಡು ಬರುತ್ತಾರೆಯೇ?
– ಓದುಗರು, ತಿಪಟೂರು

ಉತ್ತರ: ಇಲ್ಲ. ಸಾಮಾನ್ಯ ಜಲವಾಹನದಲ್ಲಿ ಹಿಡಿಸುವ ನೀರು ಸುಮಾರು 4,500 ಲೀಟರ್. ನಿಮಿಷಕ್ಕೆ 450 ಲೀಟರ್ ಚಿಮ್ಮಿಸುವ ಒಂದೇ ಒಂದು ಕೊಳವೆ ಹಿಡಿದರೂ ಅದು ಹತ್ತು ನಿಮಿಷದ ನೀರು. ಆಮೇಲೆ ಕೆರೆಯನ್ನೋ ಬಾವಿಯನ್ನೋ ಹುಡುಕಿಕೊಂಡು ಹೋಗಬೇಕು. ಮುಂದಿನ ಸಲ 112ಕ್ಕೆ ಕರೆ ಮಾಡಿದಾಗ ವಿಳಾಸದ ಜೊತೆಗೆ ಹತ್ತಿರದಲ್ಲಿ ನೀರು ಎಲ್ಲಿ ಸಿಗುತ್ತದೆ, ಅಲ್ಲಿಯವರೆಗೆ ಲಾರಿ ಹೋಗುವಷ್ಟು ದಾರಿಯಿದೆಯೇ ಎಂಬುದನ್ನೂ ಹೇಳಿ.